ಖಂಡೇನವಮಿಯ ನಲವತ್ತೆರಡು ನಿಮಿಷ

ಮೊನ್ನೆ ಅಕ್ಕನ ಮಗ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದ. ಅಕ್ಕ ಅರಿಶಿನ ತಂದಳು, ನಾನು ಸ್ಪಿರಿಟ್ ತಂದೆ. ಇಬ್ಬರೂ ಹಠಮಾರಿಗಳು, ಎರಡನ್ನೂ ಹಚ್ಚಿದೆವು. ಹುಡುಗ ಓಣಿ ಕೇಳುವ ಹಾಗೆ ಅತ್ತ. ನಾನು ಮಾತ್ರ ಎದ್ದು ಹಿತ್ತಲಿಗೆ ಹೋಗಿ ನಿಂತುಬಿಟ್ಟೆ. ಅರಿಶಿನ ಮತ್ತು ಸ್ಪಿರಿಟ್ ಎರಡೂ ಒಟ್ಟಿಗೆ ಮೂಗಿಗೆ ಬಂದರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ. ಇಷ್ಟು ರಕ್ತ ನೋಡಿ ಹೆದರುವವಳು ರಕ್ತಪೇಢಿಯಲ್ಲಿ ಹೇಗೆ ಕೆಲಸ ಮಾಡಿದೆಯೋ ಎಂದು ಅಕ್ಕ ಒಳಗಿನಿಂದಲೇ ಬೈದಳು. ರಕ್ತಕ್ಕೆ ನಾನು ಎಂದೂ ಹೆದರಿದವಳಲ್ಲ. ಹೆದರಿದ್ದು ನಿಲಂಗಾದಲ್ಲಿ, ಒಂದು ದಸರೆಯ ದಿನ, ನಾಲ್ಕು ಡಿಸ್ಕುಗಳ ಮುಂದೆ ಕುಳಿತು.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ನನ್ನನ್ನು ಕಂಪನಿಯವರು ಗಡಿಯಾಚೆಯ ನಿಲಂಗಾಕ್ಕೆ ಹಾಕಿದರು. ನಮ್ಮದು ಪುಣೆಯ ಸಣ್ಣ ಕಂಪನಿ. ಸರ್ವರ್ ಕೆಟ್ಟರೆ ಹೋಗಿ ರಿಪೇರಿ ಮಾಡುವುದು ನಮ್ಮ ಕೆಲಸ. ನಿಲಂಗಾದಲ್ಲಿ ಒಂದು ಖಾಸಗಿ ಟ್ರಸ್ಟು ರಕ್ತನಿಧಿ ನಡೆಸುತ್ತಿತ್ತು. ಅಲ್ಲಿಯ ಜನ ಅದನ್ನು ಮರಾಠಿಯಲ್ಲಿ ರಕ್ತಪೇಢಿ ಎನ್ನುತ್ತಾರೆ. ಉಮರ್ಗಾದಲ್ಲಿ ಒಂದು, ಉದಗೀರದಲ್ಲಿ ಒಂದು ಅದರ ಸಣ್ಣ ಕೇಂದ್ರಗಳು. ಮೂರು ಊರಿಗೂ ನಾನೊಬ್ಬಳೇ. ಬಸವಕಲ್ಯಾಣದ ಹುಡುಗಿ, ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ, ಊರು ಹತ್ತಿರ, ಇವಳೇ ಸರಿ ಎಂದು ನಮ್ಮ ಸಾಹೇಬರು ತೀರ್ಮಾನಿಸಿದ್ದರು. ನನ್ನನ್ನು ಯಾರೂ ಕೇಳಲಿಲ್ಲ.

ಆ ಯಂತ್ರಗಳು ಯುನಿಕ್ಸ್ ಜಾತಿಯವು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಅಷ್ಟೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಮುಗಿಸುತ್ತವೆ. ಅಳಿಸು ಎಂದರೆ ಅಳಿಸುತ್ತವೆ, ಖಂಡಿತವೇನು ಎಂದು ಇನ್ನೊಮ್ಮೆ ಕೇಳುವ ಸೌಜನ್ಯ ಅವಕ್ಕಿಲ್ಲ. ಅವನ್ನು ರಿಪೇರಿ ಮಾಡುವವರು ಧೈರ್ಯವಂತರೆಂದು ಜನ ತಿಳಿದಿದ್ದಾರೆ. ಸುಳ್ಳು. ನಾನು ಹುಟ್ಟಾ ಅಂಜುಬುರುಕಿ. ಎಂಟರ್ ಒತ್ತುವ ಮೊದಲು ಬರೆದ ಸಾಲನ್ನು ಮೂರು ಸಲ ಓದುತ್ತೇನೆ, ಒತ್ತಿದ ಮೇಲೆ ಉಸಿರು ಬಿಗಿಹಿಡಿಯುತ್ತೇನೆ. ಆದರೆ ಅಂಜುಬುರುಕರಿಗೆ ಜನರ ಮುಂದೆ ಶೂರರ ಹಾಗೆ ಮೆರೆಯುವ ಚಟವೂ ಇರುತ್ತದಲ್ಲ, ಆ ಚಟ ನನಗೂ ಇತ್ತು.

ಮಳೆಗಾಲವೆಲ್ಲ ಎಸ್ಟಿ ಬಸ್ಸಿನಲ್ಲೇ ಕಳೆಯಿತು. ಚಪ್ಪಲಿಗೆ ಅಂಟಿದ ಎರೆಮಣ್ಣು ಒಣಗುವಷ್ಟರಲ್ಲಿ ಇನ್ನೊಂದು ಊರಿನದು ಅಂಟುತ್ತಿತ್ತು. ಉಮರ್ಗಾದ ಯಂತ್ರದೊಳಗಿನ ಅಂಗಿಗುಂಡಿಯಷ್ಟು ದೊಡ್ಡ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗಲೆಲ್ಲ ಅದು ನಾನು ಹುಟ್ಟುವುದಕ್ಕೂ ಮುಂಚಿನ ತಾರೀಖು ತೋರಿಸುತ್ತ ಅರ್ಧಕ್ಕೇ ನಿಂತುಬಿಡುತ್ತಿತ್ತು. ಉದಗೀರದಲ್ಲಿ ಹಲ್ಲಿಯೊಂದು ಪವರ್ ಸಪ್ಲೈ ಒಳಗೆ ಹೊಕ್ಕು ತಾನೂ ಸತ್ತು, ಅದನ್ನೂ ಸಾಯಿಸಿತು. ನಿಲಂಗಾದಲ್ಲಿ ಬಜಾರಿನ ಹಿಂದೆ ಒಂದು ಖೋಲಿ ಹಿಡಿದಿದ್ದೆ. ಆ ಸೀಮೆಯಲ್ಲಿ ಹಿಂದೆ ದೊಡ್ಡ ಭೂಕಂಪ ಆದಾಗಿನಿಂದ ನನ್ನ ಮನೆಯೊಡತಿ ಮಲಗುವಾಗ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ, ನನಗೂ ಹಾಕಗೊಡುತ್ತಿರಲಿಲ್ಲ. ಗುಡುಗಿದಾಗಲೆಲ್ಲ ನಾವಿಬ್ಬರೂ ಎದ್ದು ಕೂಡುತ್ತಿದ್ದೆವು. ಆಕೆ ಗೋಡೆಗೆ ಹೆದರಿ ಎದ್ದರೆ ನಾನು ಸರ್ವರಿಗೆ ಹೆದರಿ ಏಳುತ್ತಿದ್ದೆ.

ರಕ್ತಪೇಢಿಯಲ್ಲಿ ನನಗೆ ಹತ್ತಿರವಾದವರು ಇಬ್ಬರು. ಒಬ್ಬರು ಕಲ್ಪನಾತಾಯಿ. ರಕ್ತ ಪರೀಕ್ಷೆ ಮಾಡುವವರು, ಮರಾಠಿಯವರು, ನನ್ನ ಹತ್ತಿರ ಮುರುಕು ಕನ್ನಡ ಆಡಿ ತಾವೇ ನಗುವವರು. ಇನ್ನೊಬ್ಬರು ಮಾಳಪ್ಪಕಾಕಾ. ಕಾಸಾರಶಿರಸಿಯವರು, ಕುರಿ ಸಾಕುವ ಮನೆತನ, ಬೀರಪ್ಪನ ಭಕ್ತರು. ಹಣೆಯ ತುಂಬ ಭಂಡಾರ, ಅಂದರೆ ದೇವರ ಅರಿಶಿನ ಪುಡಿ. ಜೇಬಿನಲ್ಲೂ ಅದರದೊಂದು ಪುಡಿಕೆ. ತಮ್ಮ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಇಲ್ಲಿ ನೆಲ ಒರೆಸುವ, ಶೀಶೆ ತೊಳೆಯುವ ಕೆಲಸಕ್ಕೆ ಬಂದು ನಿಂತಿದ್ದರು. ಕಾರಣ, ಅವರನ್ನು ಮುತ್ಯಾ ಎಂದು ಕರೆಯುವ ಮೊಮ್ಮಗಳು ಮಾಯಕ್ಕ.

ಮಾಯಕ್ಕನಿಗೆ ಆಗ ಎಂಟು ವರ್ಷ. ಅವಳ ಮೈಯಲ್ಲಿ ರಕ್ತ ನಿಲ್ಲುತ್ತಿರಲಿಲ್ಲ, ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕಿತ್ತು. ಹುಟ್ಟಿದ ವರ್ಷದಿಂದ ಹಾಗೇ ನಡೆದಿತ್ತು. ಆ ಶ್ರಾವಣದಲ್ಲಿ ಹೊಸ ಸಂಕಟ ಬಂತು. ಗುಂಪು ಸರಿಯಿದ್ದರೂ ಹೊರಗಿನ ರಕ್ತವನ್ನು ಅವಳ ಮೈ ಒಡೆದುಹಾಕತೊಡಗಿತು. ಒಂದು ಸಲ ನಡುಗಿ ನಡುಗಿ ಮಂಚವೇ ಸದ್ದು ಮಾಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅಲ್ಲಿಂದ ಮುಂದೆ, ಶಿಬಿರಗಳಲ್ಲಿ ಬಂದ ರಕ್ತದ ಮಾದರಿಯನ್ನೆಲ್ಲ ಲಾತೂರಿನ ಲ್ಯಾಬಿಗೆ ಕಳಿಸಿ, ಯಾವ ಚೀಲ ಅವಳಿಗೆ ಕೂಡುತ್ತದೆಂದು ತಿಳಿದೇ ಏರಿಸಬೇಕಾಯಿತು. ಎರಡು ತಿಂಗಳಲ್ಲಿ ಸಿಕ್ಕವರು ಆರೇ ಜನ. ಅವರ ಹೆಸರು, ಊರು, ಚೀಲದ ಸಂಖ್ಯೆ ಎಲ್ಲ ನಮ್ಮ ನಿಲಂಗಾದ ಸರ್ವರಿನಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

ನಕಲು ಇಟ್ಟಿರಲಿಲ್ಲವೇ ಎಂದು ಈ ಕೆಲಸ ಬಲ್ಲವರು ಕೇಳುತ್ತಾರೆ. ಇತ್ತು. ಪ್ರತಿ ವಾರ ಉದಗೀರದ ಯಂತ್ರಕ್ಕೆ ನಕಲು ಹೋಗುತ್ತಿತ್ತು. ಹಲ್ಲಿ ಸತ್ತ ದಿನ ಅದು ನಿಂತಿತು. ನಾನು ಪವರ್ ಸಪ್ಲೈ ಬದಲಿಸಿ, ಕೈ ತೊಳೆದುಕೊಂಡು, ಬಸ್ಸು ತಪ್ಪೀತೆಂದು ಓಡಿಬಂದೆ. ನಕಲನ್ನು ಮತ್ತೆ ಶುರು ಮಾಡಬೇಕೆಂಬುದು ನೆನಪಾಗಲೇ ಇಲ್ಲ.

ಸರ್ವರಿನಲ್ಲಿ ನಾಲ್ಕು ಡಿಸ್ಕುಗಳಿದ್ದವು. ಮುಂಭಾಗದಲ್ಲಿ ಸಾಲಾಗಿ ನಾಲ್ಕು ಖಾನೆ, ಒಂದೊಂದರಲ್ಲಿ ಒಂದು. ಬರೆದದ್ದೆಲ್ಲ ನಾಲ್ಕಕ್ಕೂ ಹಂಚಿ ಕೂಡುತ್ತದೆ. ಹೊರಸಿನ ನಾಲ್ಕು ಕಾಲಿದ್ದ ಹಾಗೆ ಎಂದು ನಾನು ಕಾಕಾಗೆ ಹೇಳಿದ್ದೆ: ಒಂದು ಕಾಲು ಮುರಿದರೆ ಹುಷಾರಾಗಿ ಕೂತಿರಬಹುದು. ಎರಡು ಮುರಿದರೆ ಬೀಳುವುದೇ ಎಂದೂ ಹೇಳಬೇಕಿತ್ತು. ಹೇಳಲಿಲ್ಲ. ಶ್ರಾವಣದಲ್ಲಿ ಒಂದು ಡಿಸ್ಕು ಕೆಟ್ಟು ಕೆಂಪು ದೀಪ ಹತ್ತಿದಾಗ, ಕಾಕಾ ಬಾಗಿಲಲ್ಲಿ ನಿಂತು ಮಷೀನ್ ಬಂದ್ ಮಾಡಬೇಕೇನೋ, ಮಾಯಕ್ಕನ ಹೆಸರಿಗೆ ಏನಾದರೂ ಆದೀತೇನೋ ಎಂದು ಕಳವಳಿಸುತ್ತಿದ್ದರು. ನನಗೆ ಮೆರೆಯಲು ಅಷ್ಟೇ ಸಾಕಾಯಿತು.

“ಬಂದ್ ಮಾಡೂದೇ ಬ್ಯಾಡ ಕಾಕಾ, ನೋಡ್ರಿ,” ಎಂದೆ. “ಚಾಲೂ ಇದ್ದಾಗೇ ತಗೀಬಹುದು, ಚಾಲೂ ಇದ್ದಾಗೇ ಹಾಕಬಹುದು. ಇದಕ್ಕ ಏನೂ ಆಗಂಗಿಲ್ಲ.”

ಹಾಗೆಂದು ಚಿಲಕ ಒತ್ತಿ, ಕೆಟ್ಟದ್ದನ್ನು ಎಳೆದು, ಹೊಸದನ್ನು ತಳ್ಳಿದೆ. ಯಂತ್ರ ತನ್ನ ಪಾಡಿಗೆ ಗುಂಯ್ ಎನ್ನುತ್ತಲೇ ಇತ್ತು. ಕಾಕಾ ಅದನ್ನು ನೋಡಿದ ರೀತಿ ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ. ಆಗ ಮಾತ್ರ ಹಿಗ್ಗಿದ್ದೆ.

ಆಶ್ವೀಜದಲ್ಲಿ ಮಾಕಣಿಯಲ್ಲಿ ಒಂದು ಶಿಬಿರ ಆಯಿತು. ಸೋಯಾಬೀನ್ ರಾಶಿಯ ದಿನ, ಜನ ಬರುವುದಿಲ್ಲ ಎಂದುಕೊಂಡಿದ್ದೆವು, ಆದರೂ ತುಂಬ ಜನ ಬಂದರು. ಚೀಲಗಳು ನಿಲಂಗಾದ ಫ್ರಿಜ್ಜಿಗೆ ಬಂದವು, ಮಾದರಿಗಳು ಲಾತೂರಿಗೆ ಹೋದವು. ನಾನು ಹಬ್ಬಕ್ಕೆಂದು ಬಸವಕಲ್ಯಾಣಕ್ಕೆ ಬಂದೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಮನೆಯಲ್ಲಿ ಅಪ್ಪನ ಕೂರಿಗೆ ಕುಡಗೋಲುಗಳ ಜೊತೆ ನನ್ನ ಸ್ಕ್ರೂಡ್ರೈವರುಗಳನ್ನೂ ಪೂಜೆಗಿಟ್ಟು ಹೋಳಿಗೆ ಉಂಡು ಮಲಗಿದೆ.

ದಸರೆಯ ಬೆಳಿಗ್ಗೆ ಆರೂವರೆಗೆ ಕಲ್ಪನಾತಾಯಿಯ ಫೋನು ಬಂತು. ಸರ್ವರ್ ಏಳುತ್ತಿಲ್ಲ, ಪರದೆಯ ಮೇಲೆ ಏನೇನೋ ಬಂದು ನಿಂತಿದೆ, ಇವತ್ತೇ ಮಾಯಕ್ಕನ ಪಾಳಿ. ನಾನು ಚಹಾ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ನಿಲಂಗಾದ ಬಸ್ಸು ಕಾಸಾರಶಿರಸಿಯ ಮೇಲೆ ಹೋಗುತ್ತದೆ. ಅಲ್ಲಿ ಬಸ್ಸು ನಿಂತಾಗ ಹತ್ತಿದವರು ಯಾರೆಂದರೆ ಮಾಳಪ್ಪಕಾಕಾನ ಸೊಸೆ ಕಾಶೀಬಾಯಿ ಮತ್ತು ಅವಳ ಸೊಂಟದ ಮೇಲೆ ಮಗಳು ಮಾಯಕ್ಕ. ಎಂಟು ವರ್ಷದ ಹುಡುಗಿಯನ್ನು ಯಾರು ಸೊಂಟದ ಮೇಲೆ ಹೊರುತ್ತಾರೆ? ನಡೆಯಲು ಆಗದವಳನ್ನು ಹೊರುತ್ತಾರೆ. ನನ್ನನ್ನು ಕಂಡು ಕಾಶೀಬಾಯಿಗೆ ಜೀವ ಬಂದಂತಾಯಿತು, ನನ್ನ ಪಕ್ಕದಲ್ಲೇ ಕೂತಳು. ಮಾವ ನಿನ್ನೆ ಹಬ್ಬಕ್ಕೂ ಮನೆಗೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ, ಏನಾದರೂ ಆಗಿದೆಯೇ ಎಂದು ಕೇಳಿದಳು. ಹಬ್ಬದ ಕೆಲಸ ಇರಬೇಕು ಎಂದು ನಾನು ಸುಳ್ಳು ಹೇಳಿದೆ. ಮಾಯಕ್ಕನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಲೆಯನ್ನು ನನ್ನ ತೋಳಿಗೆ ಆನಿಸಿಕೊಂಡು ಅವಳು ಮೆಲ್ಲಗೆ ಹೇಳಿದಳು:

“ಮಷೀನ್ ನಿನಗ ಅಂಜತದಂತ. ನಮ್ಮ ಮುತ್ಯಾ ಹೇಳ್ಯಾನ.”

ಕಿಟಕಿಯ ಆಚೆ ನೋಡುತ್ತ ಕೂತೆ. ಹೊಲದ ತುಂಬ ಕೊಯ್ದ ಸೋಯಾಬೀನಿನ ಗುಡ್ಡೆಗಳು, ಮೇಲೆ ತಾಡಪತ್ರಿ, ತೆಂಕಣ ದಿಕ್ಕಿಗೆ ಮೋಡ. ಮಳೆ ಬಂದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಏನು ಗತಿ? ನಿಲಂಗಾ ಬರುವ ತನಕ ಆ ಮಗುವಿನ ತಲೆಯ ಭಾರ ನನ್ನ ತೋಳಿನ ಮೇಲೆಯೇ ಇತ್ತು.

ರಕ್ತಪೇಢಿಯಲ್ಲಿ ಕಲ್ಪನಾತಾಯಿ ನನ್ನನ್ನು ಮೂಲೆಗೆ ಎಳೆದು ವಿಷಯ ಹೇಳಿದರು. ನಿನ್ನೆ ಹಬ್ಬವಾದರೂ ಅವರು ಬೆಳಿಗ್ಗೆ ಬಂದಿದ್ದರು. ಲಾತೂರಿನ ಫಲಿತಾಂಶ ಸರ್ವರಿಗೆ ಬಂದಿತ್ತು. ಮಾಕಣಿಯ ಚೀಲಗಳಲ್ಲಿ ಒಂದು ಮಾಯಕ್ಕನಿಗೆ ಕೂಡುತ್ತದೆ, ಏಳನೆಯವನು ಸಿಕ್ಕ. ಒಂಬತ್ತೂವರೆಯ ಸುಮಾರಿಗೆ ಅದನ್ನು ಪಟ್ಟಿಗೆ ಸೇರಿಸಿ, ಚೀಲಕ್ಕೆ ಗುರುತು ನಾಳೆ ಹಚ್ಚಿದರಾಯಿತು ಎಂದು ಮನೆಗೆ ಹೋಗಿದ್ದರು. ಸಂಖ್ಯೆ ನೆನಪಿಲ್ಲ. ಲಾತೂರಿನ ಲ್ಯಾಬು ದಸರೆಗೆ ಮುಚ್ಚಿದೆ, ಯಾರೂ ಫೋನು ಎತ್ತುತ್ತಿಲ್ಲ. ಹಳೆಯ ಆರು ಜನರಲ್ಲಿ ಯಾರ ಚೀಲವೂ ಈಗ ಉಳಿದಿಲ್ಲ. ಆ ಒಂದು ಚೀಲ ಹತ್ತು ಹೆಜ್ಜೆ ಆಚೆ ಫ್ರಿಜ್ಜಿನಲ್ಲಿದೆ, ಅದೇ ಗುಂಪಿನ ಸುಮಾರು ಮೂವತ್ತು ಚೀಲಗಳ ನಡುವೆ. ಯಾವುದೆಂದು ಹೇಳಬಲ್ಲದ್ದು ಸರ್ವರ್ ಒಂದೇ. ಒಂದೊಂದೇ ಚೀಲ ತೆಗೆದು ಮಾಯಕ್ಕನ ರಕ್ತದೊಂದಿಗೆ ಹೊಂದಿಸಿ ನೋಡುತ್ತ ಹೋಗುತ್ತೇನೆ, ಎರಡು ದಿನ ಹಿಡಿಯಬಹುದು ಎಂದರು. ಎರಡು ದಿನ ಮಗು ತಡೆಯುತ್ತದೆಯೇ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಕೈಗವಸು ಹಾಕಿಕೊಂಡು ಒಳಗೆ ಹೋದರು.

ಸರ್ವರಿನ ಕೋಣೆಯಲ್ಲಿ ಮಾಳಪ್ಪಕಾಕಾ ಗೋಡೆಗೆ ಆತು ನೆಲದ ಮೇಲೆ ಕೂತಿದ್ದರು. ನಿನ್ನೆಯ ಬಟ್ಟೆ, ಕೆಂಪಾದ ಕಣ್ಣು. ನನಗೆ ನಮಸ್ಕಾರ ಮಾಡಿದರೇ ಹೊರತು ಮಾತಾಡಲಿಲ್ಲ. ನಾನೂ ಅವಸರದಲ್ಲಿದ್ದೆ.

ಪರದೆಯ ಮೇಲೆ ಕೊನೆಯ ಸಾಲು ನಿಂತುಬಿಟ್ಟಿತ್ತು. ತನ್ನ ಮನೆ ಯಾವ ಡಿಸ್ಕಿನಲ್ಲಿದೆಯೋ ಅದು ಸಿಗುತ್ತಿಲ್ಲ ಎನ್ನುವುದು ಅದರ ಅರ್ಥ. ಮುಂಭಾಗದ ನಾಲ್ಕು ದೀಪಗಳಲ್ಲಿ ಮೂರು ಹತ್ತಿದ್ದವು, ಒಂದು ಕಪ್ಪಗಿತ್ತು. ಒಂದೇ ಕೆಟ್ಟಿದ್ದರೆ ಯಂತ್ರ ಏಳಬೇಕಿತ್ತು. ನಾನು ಚೀಲದಿಂದ ಪೆನ್‌ಡ್ರೈವ್ ತೆಗೆದು ಅದರಿಂದ ಯಂತ್ರವನ್ನು ಎಬ್ಬಿಸಿದೆ. ಹೀಗೆ ಎಬ್ಬಿಸಿದರೆ ಡಿಸ್ಕುಗಳನ್ನು ಮುಟ್ಟದೆ ದೂರದಿಂದಲೇ ನೋಡಬಹುದು. ಮೂರು ಡಿಸ್ಕು ಕಂಡವು. ನಾಲ್ಕನೆಯದು ಯಂತ್ರದ ಪಾಲಿಗೆ ಇರಲೇ ಇಲ್ಲ.

ಪುಣೆಯ ಸಾಹೇಬರಿಗೆ ಫೋನು ಹಚ್ಚಿದೆ. ಹಿಂದೆ ಮಕ್ಕಳ ಗಲಾಟೆ, ಅವರಿಗೂ ಹಬ್ಬ. ಮೂರು ಕಾಣುತ್ತಿವೆ ತಾನೆ, ಆ ಮೂರನ್ನೇ ಬಲವಂತವಾಗಿ ಜೋಡಿಸು, ಎರಡು ನಿಮಿಷದ ಕೆಲಸ, ಯಾಕೆ ಇಷ್ಟು ಹೆದರುತ್ತೀ ಎಂದು ರೇಗಿದರು. ಜೋಡಿಸುವ ಆಜ್ಞೆಯನ್ನು ಬರೆದೂ ಬಿಟ್ಟೆ. ಬೆರಳು ಎಂಟರಿನ ಮೇಲಿತ್ತು. ಆದರೆ ಬೆರಳು ಕೆಳಗಿಳಿಯಲಿಲ್ಲ. ಒಮ್ಮೆ ತಪ್ಪು ಜೋಡಿಸಿದರೆ ಯಂತ್ರ ಆ ತಪ್ಪನ್ನೇ ಸರಿ ಎಂದುಕೊಂಡು ಅದರ ಮೇಲೆ ಬರೆಯತೊಡಗುತ್ತದೆ. ಆಮೇಲೆ ದೇವರು ಬಂದರೂ ಬಿಡಿಸಲಾಗದು. ಸಾಲನ್ನು ಅಳಿಸಿ, ಮೊದಲು ಪ್ರತಿ ಡಿಸ್ಕಿನ ಹಣೆಬರಹ ಓದೋಣ ಎಂದುಕೊಂಡೆ. ತಾನು ಕೊನೆಯ ಸಲ ಗುಂಪಿನಲ್ಲಿ ಕೆಲಸ ಮಾಡಿದ್ದು ಎಷ್ಟು ಹೊತ್ತಿಗೆ ಎಂದು ಒಂದೊಂದು ಡಿಸ್ಕೂ ಬರೆದುಕೊಂಡಿರುತ್ತದೆ.

ಎರಡು ಡಿಸ್ಕುಗಳಲ್ಲಿ ಇದ್ದದ್ದು ನಿನ್ನೆ ಬೆಳಿಗ್ಗೆ ಒಂಬತ್ತು ಐವತ್ತೆರಡು. ಮೂರನೆಯದರಲ್ಲಿ ಒಂಬತ್ತು ಹತ್ತು.

ಆ ಮೂರನೆಯ ಡಿಸ್ಕು ನಲವತ್ತೆರಡು ನಿಮಿಷ ಮೊದಲೇ ಹೊರಬಿದ್ದಿತ್ತು. ಆ ನಲವತ್ತೆರಡು ನಿಮಿಷದಲ್ಲಿ ಬರೆದದ್ದು ಯಾವುದೂ ಅದರಲ್ಲಿಲ್ಲ. ಕಲ್ಪನಾತಾಯಿ ಮಾಕಣಿಯ ಚೀಲವನ್ನು ಪಟ್ಟಿಗೆ ಸೇರಿಸಿದ್ದು ಅಷ್ಟರಲ್ಲೇ. ಸಾಹೇಬರು ಹೇಳಿದಂತೆ ಈ ಮೂರನ್ನು ಜೋಡಿಸಿದ್ದರೆ ಯಂತ್ರ ಏಳುತ್ತಿತ್ತೇನೋ, ಪಟ್ಟಿಯೂ ಸಿಗುತ್ತಿತ್ತೇನೋ. ಏಳನೆಯ ಹೆಸರು ಅದರಲ್ಲಿರುತ್ತಿರಲಿಲ್ಲ. ಬೇಕಾದದ್ದು ನಾಲ್ಕನೆಯ ಡಿಸ್ಕು, ಕಣ್ಣಿಗೇ ಕಾಣದೆ ಕೂತಿರುವುದು.

ಯಂತ್ರ ಆರಿಸಿ ಅದನ್ನು ಎಳೆದೆ. ಹಿಂಬದಿಯಲ್ಲಿ ಯಂತ್ರಕ್ಕೆ ಕೂಡುವ ಸಣ್ಣ ಹಲ್ಲುಗಳ ಮೇಲೆ ಹಳದಿ ಮೆತ್ತಿ ಒಣಗಿತ್ತು. ಮೂಸಿ ನೋಡಿದೆ. ಅರಿಶಿನ. ಉಳಿದ ಮೂರನ್ನೂ ಎಳೆದು ನೋಡಿದೆ: ಪ್ರತಿಯೊಂದರ ಮೇಲೂ ಒಂದೊಂದು ಬೆರಳಿನ ಭಂಡಾರ, ನಡುವೆ ಕುಂಕುಮ, ಒಂದಕ್ಕೆ ಅಕ್ಕಿಕಾಳು ಕೂಡ ಅಂಟಿತ್ತು. ಖಾನೆಯೊಳಗೂ ಹಳದಿ ಕಲೆ.

ನಾನು ತಿರುಗಿ ನೋಡಿದೆ. ಕಾಕಾ ಎದ್ದು ನಿಂತಿದ್ದರು. ಮೊದಲ ಡಿಸ್ಕು ಹೊರಬಂದ ಹೊತ್ತು, ಉಳಿದವು ಬಂದ ಹೊತ್ತು ಎರಡನ್ನೂ ಹೇಳಿ, ಯಾರು ತೆಗೆದದ್ದು ಎಂದು ಕೇಳಿದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

“ನಾನೇ ತಗದೀನ್ರಿ,” ಎಂದರು. ಆಮೇಲೆ ನಿಲ್ಲದೆ ಹೇಳಿದರು, ತುಂಬಿಟ್ಟದ್ದನ್ನು ಸುರಿದ ಹಾಗೆ. “ಖಂಡೇನವಮಿಗಿ ಎಲ್ಲಾ ಸಾಮಾನ ಬಿಚ್ಚಿ, ಒರಸಿ, ದೇವರ ಮುಂದ ಇಡ್ತೇವ್ರಿ. ಕುಡಗೋಲು, ಉಣ್ಣಿ ಕತ್ರಿ, ಎಲ್ಲಾ. ಇದು ನಮ್ಮ ಮಾಯಕ್ಕನ ಹೆಸರ ಹಿಡದು ಕುಂತದ. ಇದಕ್ಕ ಹೊರಗಿಂದೇ ಒಂದು ಹೂ ಏರಿಸಿ ಬಿಡೂದು ಹ್ಯಾಂಗ್ರಿ? ಮೊದಲ ಒಂದೇ ತಗದಿದ್ನಿ. ಮಷೀನ್ ಏನೂ ಅನ್ನಲಿಲ್ಲ. ಒಂದಕ್ಕ ಮಾಡಿದ್ರ ಎಲ್ಲಾಕ್ಕೂ ಮಾಡಿದಂಗ, ಸಾಕು ಅಂತಿದ್ನಿ. ಅಷ್ಟರಾಗ ಕಲ್ಪನಾತಾಯಿಯವ್ರು ಬಂದು, ಮಾಳಪ್ಪ, ಮಾಕಣಿಯವ್ರ ಚೀಲ ಮಾಯಕ್ಕಗ ಕೂಡ್ತದ ಅಂತ ಹೇಳಿ ಮನಿಗಿ ಹೋದ್ರು. ಆಮ್ಯಾಗ ಉಳಿದ ಮೂರಕ್ಕ ಹಚ್ಚಲಾರದ ಹ್ಯಾಂಗ ಬಿಡಲ್ರಿ ನಾ?”

ಎರಡನೆಯದನ್ನು ಎಳೆದಾಗ ಪರದೆ ತುಂಬ ಅಕ್ಷರ ಓಡಿದವಂತೆ. ಪೂಜೆ ಅರ್ಧಕ್ಕೆ ಬಿಡಬಾರದೆಂದು ಉಳಿದೆರಡನ್ನೂ ಎಳೆದು, ಗಡಬಡಿಸಿ ಹಚ್ಚಿ, ಕೈಗೆ ಸಿಕ್ಕ ಖಾನೆಗಳಲ್ಲಿ ತಿರುಗಿ ಹಾಕಿ, ಗುಂಡಿ ಒತ್ತಿದರು. ಏಳಲಿಲ್ಲ. ಮತ್ತೆ ಒತ್ತಿದರು. ಬೆಳಗಾಗುವ ತನಕ ಅದರ ಮುಂದೆಯೇ ಕೂತರು. ಯಾರಿಗೂ ಹೇಳಲು ಧೈರ್ಯ ಬರಲಿಲ್ಲ. “ನನ್ನ ಕೈಯಾರೆ ಮೊಮ್ಮಗಳನ್ನ ಕೊಂದ್ನೇನ್ರಿ?” ಎಂದು ಕೇಳಿದರು.

ಇನ್ನೊಂದು ಮಾತು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಚಾಲೂ ಇದ್ದಾಗೇ ತೆಗೆಯಬಹುದು ಅಂತ ನೀವೇ ಹೇಳಿದ್ದಿರಲ್ಲ ಎನ್ನುತ್ತಾರೆ, ಅನ್ನಬೇಕು, ನ್ಯಾಯ ಅದು. ಅವರು ಅನ್ನಲಿಲ್ಲ. ತಡೆಯಲಾರದೆ ನಾನೇ ಅಂದೆ.

“ತಪ್ಪು ನಂದದ ಕಾಕಾ. ಶ್ರಾವಣದಾಗ ನಾನೇ ಹಂಗ ಹೇಳಿದ್ದೆ. ಟ್ರಸ್ಟಿನ ಡಾಕ್ಟರ್ ಸಾಹೇಬರಿಗಿ ನಾನೇ ಹೇಳ್ತೀನಿ.”

ಸ್ಪಿರಿಟ್ ಬೇಕು, ಹತ್ತಿ ಬೇಕು ಎಂದೆ. ಓಡಿದರು.

ಸೂಜಿ ಚುಚ್ಚುವ ಮೊದಲು ತೋಳಿಗೆ ಸವರುವ ಅದೇ ಸ್ಪಿರಿಟ್. ಹತ್ತಿಯನ್ನು ಅದರಲ್ಲಿ ಅದ್ದಿ ಆ ಹಲ್ಲುಗಳನ್ನು ಒಂದೊಂದಾಗಿ ಒರೆಸತೊಡಗಿದೆ. ಅರಿಶಿನ ಹಠಮಾರಿ. ಹತ್ತಿ ಹಳದಿಯಾಗುತ್ತಿತ್ತು, ಎಸೆಯುತ್ತಿದ್ದೆ, ಹೊಸದನ್ನು ತೆಗೆಯುತ್ತಿದ್ದೆ. ಒತ್ತಿ ಒರೆಸಿದರೆ ಹಲ್ಲು ಕಿತ್ತುಬಂದೀತು, ಮೆಲ್ಲಗೆ ಒರೆಸಿದರೆ ಕಲೆ ಬಿಡದು. ಕೋಣೆಯ ತುಂಬ ಆ ಎರಡು ವಾಸನೆ. ಹೊರಗೆ ಗುಡುಗಿತು. ಪಕ್ಕದ ವಾರ್ಡಿನಿಂದ ಮಾಯಕ್ಕ ಏನೋ ಕೇಳಿದ್ದು, ಕಾಶೀಬಾಯಿ ಸುಮ್ಮನಿರು ಅಂದದ್ದು ಕೇಳಿಸಿತು. ಕಲ್ಪನಾತಾಯಿ ಒಮ್ಮೆ ಬಾಗಿಲಿಗೆ ಬಂದು, ನಾಲ್ಕು ಚೀಲ ನೋಡಿದೆ, ನಾಲ್ಕೂ ಕೂಡಲಿಲ್ಲ ಎಂದು ಹೇಳಿ ಹೋದರು. ಒರೆಸಿದ ಡಿಸ್ಕನ್ನು ಫ್ಯಾನಿನ ಕೆಳಗಿಟ್ಟು ಅರ್ಧ ಗಂಟೆ ಒಣಗಲು ಬಿಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಅರ್ಧ ಗಂಟೆ ಇನ್ನೊಂದು ಬಂದಿಲ್ಲ.

ಅದನ್ನೂ ಉಳಿದ ಮೂರನ್ನೂ ಖಾನೆಗೆ ಹಾಕಿ ಯಂತ್ರ ಎಬ್ಬಿಸಿದೆ. ಅದರ ದೀಪ ಹತ್ತಲಿಲ್ಲ.

ಮೊದಲು ಏನೂ ಅನಿಸಲಿಲ್ಲ. ಆಮೇಲೆ ಮುಗಿಯಿತು ಎಂದುಕೊಂಡೆ. ಈ ಡಿಸ್ಕು ಸತ್ತಿದೆ, ಆ ಹೆಸರೂ ಸತ್ತಿದೆ. ಎದ್ದು ಹೋಗಿ ಬಸ್ಸು ಹತ್ತಿ ಮನೆ ಸೇರಿ ಫೋನು ಬಂದ್ ಮಾಡಿ ಮಲಗಬೇಕು ಅನಿಸಿತು. ನಿಜವಾಗಿ ಅನಿಸಿತು, ಇದನ್ನು ಮುಚ್ಚಿಡುವುದಿಲ್ಲ. ಬಾಗಿಲಲ್ಲಿ ಕಾಕಾ ನಿಂತಿದ್ದರು, ಅವರನ್ನು ದಾಟಿ ಹೋಗಲಾರದೆ ಕೂತೇ ಇದ್ದೆ. ಕೂತಲ್ಲಿಂದಲೇ ಖಾನೆಯೊಳಗಿನ ಹಳದಿ ಕಲೆ ಕಣ್ಣಿಗೆ ಬಿತ್ತು. ಡಿಸ್ಕನ್ನು ಒರೆಸಿದ್ದೆ, ಅದು ಕೂಡುವ ಜಾಗವನ್ನು ಒರೆಸಿರಲಿಲ್ಲ. ಅಲ್ಲಿಗೆ ನನ್ನ ಬೆರಳೂ ಹೋಗುವುದಿಲ್ಲ. ಹಳೆಯ ಡಿಸ್ಕು, ಅಂದರೆ ಒಂಬತ್ತು ಹತ್ತರದು, ಹೇಗೂ ಬೇಡವಾಗಿತ್ತು. ಅದನ್ನು ತೆಗೆದು, ಅದರ ಖಾನೆಗೆ ಇದನ್ನು ತಳ್ಳಿದೆ.

ಗಿರ್ರ್ ಎಂದು ಸದ್ದು ಬಂತು. ಮೂರು ದೀಪ ಹತ್ತಿದವು. ಕಾಕಾ ಎರಡೂ ಕೈ ಮುಖಕ್ಕೆ ಒತ್ತಿಕೊಂಡರು.

ಅದರ ಹಣೆಬರಹ ಓದಿದೆ: ಒಂಬತ್ತು ಐವತ್ತೆರಡು. ಆಜ್ಞೆ ಬರೆದೆ, ಮೂರು ಸಲ ಅಲ್ಲ, ಹತ್ತು ಸಲ ಓದಿದೆ. ಮೂರನ್ನೂ ಜೋಡಿಸಿ, ಏನನ್ನೂ ಬರೆಯಬೇಡ, ಓದಲು ಮಾತ್ರ ತೆರೆ ಎಂದು ಹೇಳಿ, ಎಂಟರ್ ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಡತಗಳ ಪಟ್ಟಿ ಮೇಲಿನಿಂದ ಕೆಳಗೆ ಇಳಿಯಿತು. ಎಲ್ಲಕ್ಕಿಂತ ಮೊದಲು ಆ ಒಂದು ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆ, ಉಳಿದದ್ದು ಆಮೇಲೆ. ತೆರೆದು ನೋಡಿದರೆ ಏಳು ಸಾಲುಗಳಿದ್ದವು. ಏಳನೆಯದು ಮಾಕಣಿಯದು, ಮುಂದೆ ಚೀಲದ ಸಂಖ್ಯೆ. ಅದನ್ನು ಅಂಗೈಯಲ್ಲಿ ಬರೆದುಕೊಂಡು ನಾನು ಕಲ್ಪನಾತಾಯಿಯ ಕಡೆ ಓಡಿದೆ. ಓಡುತ್ತ ಅಳುತ್ತಿದ್ದೆ ಎಂದು ಆಮೇಲೆ ಅವರು ಹೇಳಿದರು.

ಚೀಲ ಕೂಡಿತು. ಮಧ್ಯಾಹ್ನ ಎರಡೂವರೆಗೆ ಮಾಯಕ್ಕನಿಗೆ ರಕ್ತ ಏರಿಸಲು ಶುರು ಮಾಡಿದರು. ಮೊದಲ ಹತ್ತು ನಿಮಿಷ ನಾವು ನಾಲ್ವರೂ ಮಂಚದ ಸುತ್ತ ನಿಂತು ಅವಳು ನಡುಗುತ್ತಾಳೇನೋ ಎಂದು ನೋಡುತ್ತಿದ್ದೆವು. ಅವಳು ನಡುಗಲಿಲ್ಲ, ಹಸಿವೆ ಅಂದಳು. ಕಾಶೀಬಾಯಿ ಗಂಟು ಬಿಚ್ಚಿ ಹೋಳಿಗೆ ಮುರಿದು ಬಾಯಿಗಿಟ್ಟಳು.

ಟ್ರಸ್ಟಿನ ಡಾಕ್ಟರು ಬಂದದ್ದು ನಾಲ್ಕು ಗಂಟೆಗೆ. ಕಲ್ಪನಾತಾಯಿ ಫೋನಿನಲ್ಲಿ ಅರ್ಧ ಹೇಳಿದ್ದರಂತೆ. ಬಂದವರೇ ಸಿಟ್ಟಿನಿಂದ ತಮ್ಮ ಕೋಣೆಗೆ ಹೋದರು. ನಾನು ಹೇಳಬೇಕಾದ ಮಾತುಗಳನ್ನು ಮರಾಠಿಯಲ್ಲಿ ಜೋಡಿಸಿಕೊಳ್ಳುತ್ತ ಪಡಸಾಲೆಯಲ್ಲಿ ನಿಂತೆ. ಮೊದಲ ಸಾಲು, ಎರಡನೇ ಸಾಲು. ಅಷ್ಟರಲ್ಲಿ ಮಾಳಪ್ಪಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದು ನನ್ನನ್ನು ದಾಟಿ ಒಳಗೆ ಹೋದರು. ಡಾಕ್ಟರ ದೊಡ್ಡ ಧ್ವನಿ ಕೇಳಿಸಿತು. ಕಾಕಾನದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಹೊರಬಂದು ವಾರ್ಡಿನ ಕಡೆ ಹೋದರು, ಒಳಗಿನಿಂದ ಡಾಕ್ಟರು ನನ್ನನ್ನು ಕರೆದರು.

ಡಾಕ್ಟರು ನನಗೆ ಕುರ್ಚಿ ಕೊಟ್ಟರು. ಮುದುಕ ಎಲ್ಲ ಒಪ್ಪಿಕೊಂಡಿದ್ದಾನೆ, ನಾಳೆಯಿಂದ ಬರಬೇಡ ಎಂದಿದ್ದೇನೆ, ಯಾರೂ ಹೇಳದೆ ಯಂತ್ರಕ್ಕೆ ಕೈ ಹಾಕಿದನಂತೆ, ಆ ಕೋಣೆಯ ಕೀಲಿ ಇನ್ನು ನಿನ್ನ ಹತ್ತಿರವೇ ಇರಲಿ, ನೀನು ಮಾಡಿದ ಕೆಲಸದ ಬಗ್ಗೆ ಪುಣೆಗೆ ಬರೆಯುತ್ತೇನೆ ಎಂದರು. ಯಾರೂ ಹೇಳದೆ. ನನ್ನ ಬಾಯಿ ತೆರೆದೇ ಇತ್ತು. ಜೋಡಿಸಿಟ್ಟ ಮೊದಲ ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಶ್ರಾವಣದ ಮಾತು ಹೇಳಿದರೆ ನಿಂತುಹೋದ ನಕಲಿನ ಮಾತೂ ಬರುತ್ತದೆ, ಆ ಮಾತು ಬಂದರೆ ನನ್ನ ಕೆಲಸ ಹೋಗುತ್ತದೆ. ಬೆಳಿಗ್ಗೆಯಿಂದ ಅಷ್ಟು ಹೆದರಿದ್ದೆನಲ್ಲ, ಆ ಹೆದರಿಕೆಯೆಲ್ಲ ಆಗ ಬಂದದ್ದರ ಮುಂದೆ ಏನೂ ಅಲ್ಲ. “ಹೋ ಸರ್,” ಎಂದು ಮರಾಠಿಯಲ್ಲಿ ಹೂಂಗುಟ್ಟಿದೆ. ಕೀಲಿ ತೆಗೆದುಕೊಂಡು ಹೊರಗೆ ಬಂದೆ.

ಕಾಕಾ ವಾರ್ಡಿನ ಬಾಗಿಲಲ್ಲಿ ನನಗಾಗಿಯೇ ಕಾಯುತ್ತಿದ್ದರು. ಪಕ್ಕಕ್ಕೆ ಕರೆದು, ಕಾಶೀಬಾಯಿಗೆ ಕೇಳಿಸದ ಹಾಗೆ ಹೇಳಿದರು:

“ನೀವು ಶ್ರಾವಣದಾಗ ಹೇಳಿದ್ದು ಸಾಹೇಬ್ರಿಗಿ ನಾ ಹೇಳಿಲ್ರಿ ಮ್ಯಾಡಮ್. ನೀವೂ ಹೇಳಬ್ಯಾಡ್ರಿ. ನಿಮಗ ಹೇಳಬೇಕು ಅನಸ್ತದ, ನಂಗ ಗೊತ್ತದ, ಆದರ ಬ್ಯಾಡ. ನಾ ಹೋದ್ರ ನೆಲಾ ಒರಸಲಿಕ್ಕ ಇನ್ನೊಬ್ಬ ಬರ್ತಾನ. ನೀವು ಹೋದ್ರ ಮಾಯಕ್ಕನ ಮಷೀನ್ ಯಾರ್ ನೋಡಬೇಕು? ಇಷ್ಟು ಮಾಡ್ರಿ ನನ್ನ ಸಲುವಾಗಿ.”

ನಾನು ಆಗಲೇ ಹೇಳದೆ ಬಂದಿದ್ದೆ. ಅದು ಅವರಿಗೆ ಗೊತ್ತಿರಲಿಲ್ಲ. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, ಅವರ ಮಾತಿಗೆ ಕಟ್ಟುಬಿದ್ದವಳ ಹಾಗೆ ತಲೆ ತಗ್ಗಿಸಿ, “ಆಯ್ತು ಕಾಕಾ, ಹೇಳೂದಿಲ್ಲ,” ಎಂದೆ.